ಕೃತಕ, ನಕಲಿ, ಖೋಟಾ, ಹುಸಿ... 'ಫೇಕ್' ಎಂಬ ಒಂದು ಪದಕ್ಕೆ ಕನ್ನಡದಲ್ಲಿ ಎಷ್ಟು ಪದ!



ಅಮೆರಿಕದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುವ ಪದ ಯಾವುದು ಹೇಳಿ ನೋಡೋಣ? 'ಫೇಕ್'! ದೇವರ ಪಟಕ್ಕೆ ಹಾಕಿದ ಪ್ಲಾಸ್ಟಿಕ್ ಹೂವಿನ ಹಾರ ಫೇಕ್. ಊರಿಂದ ಬಂದ ಅಜ್ಜಿಯ ಹಲ್ಲು ಫೇಕ್. ನವರಾತ್ರಿಗೆ ಅಮ್ಮ ಹಾಕಿಕೊಂಡ ಸರ ಫೇಕ್. ಫೋನಿಗೆ ಬಂದ ಸುದ್ದಿ ಫೇಕ್. ಹೋಂವರ್ಕ್ ತಪ್ಪಿಸಿಕೊಳ್ಳಲು ತಮ್ಮ ತಂದುಕೊಂಡ ಹೊಟ್ಟೆನೋವೂ ಫೇಕ್.

ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಮಕ್ಕಳು ಕೇಳಿದರೆ ನಾವು ಥಟ್ಟನೆ 'ನಕಲಿ' ಎಂದು ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಆದರೆ ಆ ಮಗು ಹೋಗಿ 'ಅಜ್ಜಿ, ನಿನ್ನ ಹಲ್ಲು ನಕಲಿ' ಎಂದರೆ ಹೇಗಿರುತ್ತದೆ? ಯಾವ ಕನ್ನಡಿಗರೂ ಹಾಗೆ ಮಾತಾಡುವುದಿಲ್ಲ. 'ಅಜ್ಜಿ ಹಲ್ಲು ಕಟ್ಟಿಸಿಕೊಂಡಿದ್ದಾರೆ' ಎನ್ನುತ್ತೇವೆ. ಮನೆ ಕಟ್ಟಿಸಿದ ಹಾಗೆ ಹಲ್ಲು ಕಟ್ಟಿಸುವುದು! ಅದರಲ್ಲಿ ಸುಳ್ಳಿನ ಸುಳಿವೇ ಇಲ್ಲ.

ನಾನು ಭಾಷಾವಿಜ್ಞಾನ ಓದಿದವನಲ್ಲ, ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನು. ನಮ್ಮ ಕಸುಬಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳಿಗೆ ಒಂದೇ ಹೆಸರಿಟ್ಟರೆ ಇಂದಲ್ಲ ನಾಳೆ ತೊಂದರೆ ಕಟ್ಟಿಟ್ಟ ಬುತ್ತಿ. ಆ ಕಣ್ಣಿನಿಂದ ನೋಡಿದಾಗ ಕನ್ನಡದ ಈ ಪದಗಳ ಗುಂಪು ನನಗೆ ಬಹಳ ಅಚ್ಚುಕಟ್ಟಾಗಿ ಕಂಡಿತು. 'ಫೇಕ್' ಎನ್ನುವ ಒಂದೇ ಪದದೊಳಗೆ ಅವಿತಿರುವ ಐದು ಬೇರೆ ಪ್ರಶ್ನೆಗಳನ್ನು ನಮ್ಮ ಭಾಷೆ ಬಿಡಿಸಿ ಕೇಳುತ್ತದೆ. ಏತರಿಂದ ಮಾಡಿದ್ದು? ಎಲ್ಲಿಂದ ಬಂದದ್ದು? ಯಾರು ಮಾಡಿದ್ದು? ಯಾವುದರ ಪ್ರತಿ? ಏಕೆ ಮಾಡಿದ್ದು? ಇವುಗಳಲ್ಲಿ ಕೊನೆಯ ಪ್ರಶ್ನೆಗೆ ಮಾತ್ರ ಮೋಸದ ಸಂಬಂಧವಿದೆ. ಈ ವ್ಯತ್ಯಾಸ ತಿಳಿದಿರುವುದು ಬರೀ ಭಾಷೆಯ ಚೆಂದಕ್ಕಲ್ಲ, ಇವತ್ತಿನ ದಿನ ನಮ್ಮ ಅಪ್ಪ ಅಮ್ಮಂದಿರ ಉಳಿತಾಯದ ಹಣವೂ ಅದರ ಮೇಲೆ ನಿಂತಿದೆ. ಹೇಗೆ ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ಏತರಿಂದ ಮಾಡಿದ್ದು?

ಕನ್ನಡದ ಮೊದಲ ಅಭ್ಯಾಸ ಎಂದರೆ ವಸ್ತುವನ್ನು ಅದರ ಸಾಮಗ್ರಿಯಿಂದ ಕರೆಯುವುದು. ಮರಗಾಲು, ಕಾಗದದ ಹೂವು, ಹಿಟ್ಟಿನ ದೀಪ, ಮಣ್ಣಿನ ಬಸವ. ಇದು ಏನು ಎಂದು ಹೆಸರಿನಲ್ಲೇ ಹೇಳಿಬಿಟ್ಟ ಮೇಲೆ ಮೋಸದ ಪ್ರಶ್ನೆಯೇ ಬರುವುದಿಲ್ಲ.

ಮೈಸೂರು ದಸರೆಯನ್ನೇ ತೆಗೆದುಕೊಳ್ಳಿ. ಜಂಬೂ ಸವಾರಿಗೆ ಮುಂಚೆ ವಾರಗಟ್ಟಲೆ ಆನೆಗಳಿಗೆ ತಾಲೀಮು ನಡೆಯುತ್ತದೆ. ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊರುವ ಅಭ್ಯಾಸವಾಗಲಿ ಎಂದು ಮೊದಲು ಮರಳು ಮೂಟೆ, ಆಮೇಲೆ ಮರದ ಅಂಬಾರಿ ಹೊರಿಸುತ್ತಾರೆ. ಪತ್ರಿಕೆಗಳೂ ಮಾವುತರೂ ಅದನ್ನು 'ಮರದ ಅಂಬಾರಿ' ಎನ್ನುತ್ತಾರೆಯೇ ಹೊರತು ಯಾರೂ 'ನಕಲಿ ಅಂಬಾರಿ' ಎನ್ನುವುದಿಲ್ಲ. ತಮಾಷೆ ಎಂದರೆ ಚಿನ್ನದ ಅಂಬಾರಿಯೂ ಮರದ ಚೌಕಟ್ಟಿನ ಮೇಲೆ ಚಿನ್ನದ ತಗಡು ಹೊದಿಸಿದ್ದೇ!

ಚನ್ನಪಟ್ಟಣದ ಗೊಂಬೆಯೂ ಹಾಗೆಯೇ. ಮರ ಕಡೆದು, ಅರಗಿನ ಬಣ್ಣ ಹಚ್ಚಿ ಮಾಡಿದ ಕುದುರೆಯನ್ನು ನೋಡಿ 'ಇದು ನಕಲಿ ಕುದುರೆ' ಎಂದು ಯಾವ ಮಗುವೂ ದೂರುವುದಿಲ್ಲ. ಅದು ಆಟದ ಕುದುರೆ. ಆದರೆ ಬೇರೆಲ್ಲೋ ಕಾರ್ಖಾನೆಯಲ್ಲಿ ತಯಾರಾದ ಬೊಂಬೆಯನ್ನು ತಂದು 'ಇದು ಚನ್ನಪಟ್ಟಣದ್ದು' ಎಂದು ಮಾರಿದರೆ ಆ ಬೊಂಬೆ ನಕಲಿ. ಎರಡೂ ಮರದ ಕುದುರೆಗಳೇ. ಹುಲ್ಲು ಮೇಯುವ ಕುದುರೆಗೆ ಹೋಲಿಸಿದರೆ ಎರಡೂ ಅಷ್ಟೇ ದೂರ. ಒಂದು ನಿಜ, ಇನ್ನೊಂದು ನಕಲಿ. ವ್ಯತ್ಯಾಸ ಇರುವುದು ಅಂಗಡಿಯವನು ಹೇಳಿದ ಮಾತಿನಲ್ಲಿ.

ಎಲ್ಲಿಂದ ಬಂದದ್ದು?

ಎರಡನೆಯ ಅಭ್ಯಾಸ ಇನ್ನೂ ಸೊಗಸಾದದ್ದು. ನಮಗೆ ಗೊತ್ತಿರುವ ವಸ್ತುವನ್ನೇ ಹೋಲುವ ಹೊಸದೊಂದು ಹೊರಗಿನಿಂದ ಬಂದಾಗ ಹಿರಿಯರು ಅದನ್ನು ಸುಳ್ಳು ಎಂದು ತಳ್ಳಲಿಲ್ಲ. ಹಿಂದೆ 'ಸೀಮೆ' ಎಂದು ಸೇರಿಸಿ ಒಳಗೆ ಕರೆದುಕೊಂಡರು. ದೀಪಕ್ಕೆ ಎಣ್ಣೆ ಇತ್ತು, ಹೊರಗಿನಿಂದ ಬಂದದ್ದು ಸೀಮೆಎಣ್ಣೆ. ಗೋಡೆಗೆ ಸುಣ್ಣ ಇತ್ತು, ಶಾಲೆಯ ಕರಿಹಲಗೆಗೆ ಬಂದದ್ದು ಸೀಮೆಸುಣ್ಣ. ಕೊಟ್ಟಿಗೆಯಲ್ಲಿ ಹಸು ಇತ್ತು, ಜರ್ಸಿ ಬಂದಾಗ ಅದು ಸೀಮೆಹಸು.

ಇನ್ನು ಸೀಮೆಬದನೆ. ಇದರ ತವರು ಮೆಕ್ಸಿಕೋ, ಮಧ್ಯ ಅಮೆರಿಕದ ಕಡೆ. ಇಲ್ಲಿನ ಮೆಕ್ಸಿಕನ್ ಅಂಗಡಿಗಳಲ್ಲಿ 'ಚಾಯೋಟೆ' ಎಂಬ ಹೆಸರಿನಲ್ಲಿ ರಾಶಿ ಹಾಕಿರುತ್ತಾರೆ. ನಮ್ಮವರಿಗೆ ಅದು ಸೀಮೆಯಿಂದ ಬಂದ ಬದನೆ. ಬೆಂಗಳೂರಿನ ಕಡೆಯಿಂದ ಅದನ್ನು ಪಡೆದ ತಮಿಳರಿಗೂ ತೆಲುಗರಿಗೂ ಅದು 'ಬೆಂಗಳೂರು ಬದನೆ'! ಒಬ್ಬರ ಸೀಮೆ ಇನ್ನೊಬ್ಬರ ಊರು.

ಇದಕ್ಕೆ ಎದುರು ಪದಗಳು 'ನಾಟಿ', ಉತ್ತರ ಕರ್ನಾಟಕದಲ್ಲಿ 'ಜವಾರಿ', ಕರಾವಳಿಯಲ್ಲಿ 'ಊರ'. ನಾಟಿ ಕೋಳಿ, ಜವಾರಿ ಬದನೆಕಾಯಿ, ಊರ ಕೋಳಿ. ಫಾರಂ ಕೋಳಿಯನ್ನು ನಾಟಿ ಕೋಳಿಯ ಪಕ್ಕದಲ್ಲಿಟ್ಟು ರುಚಿ ಇಲ್ಲ ಎಂದು ಬೈಯಬಹುದು, ಆದರೆ ಅದನ್ನು 'ಖೋಟಾ ಕೋಳಿ' ಎಂದು ಯಾರೂ ಕರೆದಿಲ್ಲ.

ಒಡವೆ ಪೇಟೆಯಲ್ಲಿಯೂ ಈ ಅಭ್ಯಾಸ ಮುಂದುವರಿದಿದೆ. ಭಾರತದ ಅಂಗಡಿಗಳಲ್ಲಿ 'ಅಮೆರಿಕನ್ ಡೈಮಂಡ್' ಎಂದು ಮಾರುವ ಹರಳು ಗೊತ್ತಲ್ಲ? ಅದು ಕ್ಯೂಬಿಕ್ ಜಿರ್ಕೋನಿಯಾ. ಅದನ್ನು ವ್ಯಾಪಾರದ ಮಟ್ಟದಲ್ಲಿ ಮಾಡಲು ದಾರಿ ಮಾಡಿಕೊಟ್ಟದ್ದು 1970ರ ದಶಕದಲ್ಲಿ ಸೋವಿಯತ್ ವಿಜ್ಞಾನಿಗಳು. ಇಲ್ಲಿನ ಮಾಲ್‌ಗೆ ಹೋಗಿ 'ಅಮೆರಿಕನ್ ಡೈಮಂಡ್ ಕೊಡಿ' ಎಂದು ಕೇಳಿ ನೋಡಿ, ಅಂಗಡಿಯವರು ಕಣ್ಣು ಕಣ್ಣು ಬಿಡುತ್ತಾರೆ!

ಯಾರು ಮಾಡಿದ್ದು?

ಈಗ 'ಕೃತಕ'ಕ್ಕೆ ಬರೋಣ. ಸಂಸ್ಕೃತದ 'ಕೃ' ಎಂದರೆ ಮಾಡು. ಕೃತ ಎಂದರೆ ಮಾಡಿದ್ದು, ಕೃತಿ ಎಂದರೆ ಮಾಡಿಟ್ಟದ್ದು. ಕಾವ್ಯವೂ ಕೃತಿ, ತ್ಯಾಗರಾಜರ ಕೀರ್ತನೆಯೂ ಕೃತಿ. ಅದೇ ಬೇರಿನ ಕೂಸು ಕೃತಕ. ನಮ್ಮ ಹಳೆಯ ತರ್ಕಶಾಸ್ತ್ರದಲ್ಲಿ ವಿದ್ಯಾರ್ಥಿಗಳಿಗೆ ಹೇಳಿಕೊಡುವ ಒಂದು ಪ್ರಸಿದ್ಧ ಉದಾಹರಣೆ ಇದೆ. ಶಬ್ದ ಶಾಶ್ವತವಲ್ಲ, ಏಕೆಂದರೆ ಅದು ಕೃತಕ, ಮಡಕೆಯ ಹಾಗೆ. ಇಲ್ಲಿ ಕೃತಕ ಎಂದರೆ 'ಉಂಟುಮಾಡಿದ್ದು' ಎಂದಷ್ಟೇ. ಕುಂಬಾರನ ಮಡಕೆಯಲ್ಲಿ ಯಾವ ಮೋಸವೂ ಇಲ್ಲ.

ಈ ಹಳೆಯ ಅರ್ಥ ಇಂದಿಗೂ ಜೀವಂತವಾಗಿದೆ. ನೀರಿನಲ್ಲಿ ಮುಳುಗಿದವರಿಗೆ ಕೊಡುವುದು ಕೃತಕ ಉಸಿರಾಟ. ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಹಸುವಿಗೆ ಮಾಡಿಸುವುದು ಕೃತಕ ಗರ್ಭಧಾರಣೆ, ಹುಟ್ಟುವ ಕರು ಮಾತ್ರ ಅಪ್ಪಟ ಕರು. 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ.ಕೆ. ಸೇಠಿ ಸೇರಿ ರೂಪಿಸಿದ ಜೈಪುರ ಕಾಲು ಕೃತಕ ಕಾಲು, ಅದನ್ನು ತೊಟ್ಟವರು ನಡೆಯುವ ನಡಿಗೆ ನಿಜವಾದದ್ದು. ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿ, 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದಿಂದ ಹಾರಿಸಿದ ಆರ್ಯಭಟ ಭಾರತದ ಮೊದಲ ಕೃತಕ ಉಪಗ್ರಹ. ಹಳೆಯ ಎರಡು ರೂಪಾಯಿ ನೋಟಿನ ಹಿಂದೆ ಅದರ ಚಿತ್ರ ನೋಡಿದ ನೆನಪು ನಮ್ಮಲ್ಲಿ ಹಲವರಿಗಿದೆ. ಅದನ್ನು ನಕಲಿ ಚಂದ್ರ ಎಂದು ಕರೆದವರುಂಟೆ?

ಹಾಗಾದರೆ 'ಕೃತಕ ನಗು', 'ಕೃತಕ ಅಭಾವ' ಎಂದಾಗ ಆ ಪದ ಏಕೆ ಬೈಗುಳವಾಗುತ್ತದೆ? ಯೋಚಿಸಿದರೆ ಉತ್ತರ ಸಿಗುತ್ತದೆ. ನಗು ತಾನಾಗಿ ಬರಬೇಕಾದದ್ದು. ಅಭಾವ ಮಳೆ ಬೆಳೆ ಕೈಕೊಟ್ಟಾಗ ಆಗುವಂಥದ್ದು. ತಾನಾಗಿ ಆಗಬೇಕಾದದ್ದನ್ನು ಬೇಕೆಂದೇ ಮಾಡಿ, ತಾನಾಗಿ ಆಯಿತೆಂದು ತೋರಿಸಿದರೆ ಅಲ್ಲಿ ತಪ್ಪಿದೆ. ಈರುಳ್ಳಿಯನ್ನು ಗೋದಾಮಿನಲ್ಲಿ ಬಚ್ಚಿಟ್ಟು 'ಮಾಲೇ ಬಂದಿಲ್ಲ' ಎನ್ನುವ ವ್ಯಾಪಾರಿಯ ಅಭಾವ ಅದಕ್ಕೇ ಕೃತಕ. ಮಾಡಿದ್ದು ತಪ್ಪಲ್ಲ, ಮಾಡಿದ್ದನ್ನು ಮುಚ್ಚಿಟ್ಟದ್ದು ತಪ್ಪು.

ನನ್ನ ವೃತ್ತಿಯ ಪದವೂ ಇಲ್ಲಿಯೇ ಇದೆ. 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಎಂಬ ಹೆಸರು ಮೊದಲು ಕಾಣಿಸಿಕೊಂಡದ್ದು 1955ರಲ್ಲಿ, ಜಾನ್ ಮೆಕಾರ್ಥಿ ಮತ್ತು ಸಂಗಡಿಗರು ಡಾರ್ಟ್‌ಮತ್ ಕಾಲೇಜಿನ ಬೇಸಿಗೆ ಕಮ್ಮಟಕ್ಕಾಗಿ ಬರೆದ ಪ್ರಸ್ತಾವದಲ್ಲಿ. ಕನ್ನಡದಲ್ಲಿ ಅದು 'ಕೃತಕ ಬುದ್ಧಿಮತ್ತೆ' ಆಗಿದೆ, 'ಯಾಂತ್ರಿಕ ಬುದ್ಧಿಮತ್ತೆ' ಎನ್ನುವವರೂ ಇದ್ದಾರೆ. ಮೊದಲನೆಯ ಹೆಸರು ಯಾರು ಮಾಡಿದ್ದು ಎನ್ನುವುದನ್ನು ಹೇಳುತ್ತದೆ, ಎರಡನೆಯದು ಏತರಲ್ಲಿ ಇದೆ ಎನ್ನುವುದನ್ನು. ಎರಡರಲ್ಲಿಯೂ ಬೈಗುಳವಿಲ್ಲ.

ಯಾವುದರ ಪ್ರತಿ?

ನಕಲು ಮತ್ತು ಅಸಲು ಅರಬ್ಬಿಯಿಂದ ಬಂದ ಜೋಡಿ. ಕಂದಾಯ ಕಚೇರಿಗಳ ದಾರಿಯಲ್ಲಿ ಬಂದು ಕನ್ನಡದಲ್ಲಿ ಮನೆ ಮಾಡಿದವು. ಅರಬ್ಬಿಯಲ್ಲಿ 'ನಕಲ್' ಎಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು, ನೋಡಿ ಬರೆದುಕೊಳ್ಳುವುದು. 'ಅಸಲ್' ಎಂದರೆ ಬೇರು. ಸಾಲದ ಲೆಕ್ಕದಲ್ಲಿ ಅಸಲು ಬಡ್ಡಿ ಎನ್ನುತ್ತೇವಲ್ಲ, ಅದೇ ಅಸಲು. ಬಡ್ಡಿ ಕೊಂಬೆ, ಅಸಲು ಬೇರು.

ಹೀಗಾಗಿ 'ನಕಲು' ಎನ್ನುವುದು ಮೂಲದಲ್ಲಿ ಮರ್ಯಾದಸ್ಥ ಪದ. ಜಮೀನಿನ ಕಾಗದಕ್ಕೆ, ಕೋರ್ಟಿನ ತೀರ್ಪಿಗೆ ದೃಢೀಕರಿಸಿದ ನಕಲು ಬೇಕೆಂದು ನಾವೇ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಮುದ್ರೆ ಹಾಕಿಸಿಕೊಂಡು ಬರುತ್ತೇವೆ. ಕೊನೆಯ ಅಕ್ಷರದ ಕೊಂಬು ಹೋಗಿ ಗುಡಿಸು ಬಂದರೆ ಕತೆಯೇ ಬೇರೆ. ಪಹಣಿಯ 'ನಕಲು' ಇದ್ದರೆ ಬ್ಯಾಂಕಿನಲ್ಲಿ ಸಾಲ ಸಿಗುತ್ತದೆ. 'ನಕಲಿ' ಪಹಣಿ ಇದ್ದರೆ ಪೊಲೀಸ್ ಠಾಣೆಯಲ್ಲಿ ಜಾಗ ಸಿಗುತ್ತದೆ! ಊರಿನ ಆಸ್ತಿ ವಿಚಾರಕ್ಕೆ ಕನ್ನಡದಲ್ಲಿ ಅರ್ಜಿ ಬರೆಯುವ ಅನಿವಾಸಿ ಬಂಧುಗಳು ಈ ಒಂದು ಅಕ್ಷರದ ಮೇಲೆ ಕಣ್ಣಿಟ್ಟಿರುವುದು ಒಳ್ಳೆಯದು.

'ಡೂಪ್ಲಿಕೇಟ್' ಎಂಬ ಪದಕ್ಕೂ ನಮ್ಮವರು ಇದೇ ಎರಡು ಮುಖ ಕೊಟ್ಟಿದ್ದಾರೆ. ಮನೆಯ ಡೂಪ್ಲಿಕೇಟ್ ಕೀ ಪಕ್ಕದ ಮನೆಯವರ ಹತ್ತಿರ ಇರಲಿ ಎಂದು ನಾವೇ ಕೊಟ್ಟು ಬರುತ್ತೇವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕಳೆದುಹೋದರೆ ಡೂಪ್ಲಿಕೇಟ್ ಮಾರ್ಕ್ಸ್ ಕಾರ್ಡನ್ನು ಮಂಡಳಿಯೇ ಕೊಡುತ್ತದೆ. ಅದೇ 'ಡೂಪ್ಲಿಕೇಟ್ ಮಾಲು' ಎಂದರೆ ದೂರ ಇಡಬೇಕಾದದ್ದು. ಕೊಡುವ ಅಧಿಕಾರ ಇದ್ದವರು ಕೊಟ್ಟರೋ ಇಲ್ಲವೋ ಎನ್ನುವುದೇ ಇಲ್ಲಿ ಗೆರೆ.

ಕಂಪ್ಯೂಟರ್ ಲೋಕದಲ್ಲಿ ಇದು ಇನ್ನೂ ಸ್ಪಷ್ಟ. ಒಂದು ಫೈಲನ್ನು ನಕಲು ಮಾಡಿದರೆ ಅಸಲಿಗೂ ನಕಲಿಗೂ ಒಂದು ಬಿಟ್‌ನಷ್ಟೂ ವ್ಯತ್ಯಾಸ ಇರುವುದಿಲ್ಲ. ಅದಕ್ಕಾಗಿಯೇ ನಾವು 'ಇದು ಮೂಲ ಫೈಲೋ' ಎಂದು ಕೇಳುವುದಿಲ್ಲ. 'ಇದಕ್ಕೆ ಸಹಿ ಹಾಕಿದವರು ಯಾರು, ಸಹಿ ಹಾಕಿದ ಮೇಲೆ ಯಾರಾದರೂ ತಿದ್ದಿದ್ದಾರೆಯೇ' ಎಂದು ಕೇಳುತ್ತೇವೆ. ಡಿಜಿಟಲ್ ಸಹಿ ಮಾಡುವ ಕೆಲಸ ಅಷ್ಟೇ. ಸಬ್ ರಿಜಿಸ್ಟ್ರಾರ್ ಕಚೇರಿಯ ಮುದ್ರೆಯೂ ಅದನ್ನೇ ಮಾಡುತ್ತಿತ್ತು.

ಏಕೆ ಮಾಡಿದ್ದು?

ಈಗ ಬಂತು ಕೊನೆಯ, ನಿಜವಾಗಿ ಭಾರವಾದ ಪ್ರಶ್ನೆ. ಖೋಟಾ, ಕಪಟ, ಸೋಗು, ಹುಸಿ, ಕಲಬೆರಕೆ. ಇವೆಲ್ಲ ಮಾಡಿದವರ ಮನಸ್ಸನ್ನು ನೋಡಿ ಇಟ್ಟ ಹೆಸರುಗಳು.

ಭಾರತದ ಕಾನೂನು ಖೋಟಾ ಎನ್ನುವುದಕ್ಕೆ ಎರಡು ಗುಣ ಹೇಳುತ್ತದೆ. ಒಂದು ವಸ್ತುವನ್ನು ಇನ್ನೊಂದರ ಹಾಗೆ ಕಾಣುವಂತೆ ಮಾಡಿರಬೇಕು. ಆ ಹೋಲಿಕೆಯಿಂದ ಮೋಸ ಮಾಡುವ ಉದ್ದೇಶ, ಇಲ್ಲವೆ ಮೋಸವಾಗಬಹುದು ಎಂಬ ಅರಿವು ಇರಬೇಕು. ಹೋಲಿಕೆ ನೂರಕ್ಕೆ ನೂರು ಇರಬೇಕಾಗಿಲ್ಲ ಎಂದೂ ಅದು ಸ್ಪಷ್ಟಪಡಿಸುತ್ತದೆ. 1860ರ ದಂಡಸಂಹಿತೆಯಲ್ಲಿದ್ದ ಈ ವಿವರಣೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಮುಂದುವರಿದಿದೆ. ಮಕ್ಕಳ ಆಟದ ನೋಟು ಖೋಟಾ ಅಲ್ಲ, ಅದು ಆಟಕ್ಕುಂಟು ಲೆಕ್ಕಕ್ಕಿಲ್ಲ. ಅದನ್ನೇ ಕತ್ತಲಲ್ಲಿ ಕಣ್ಣು ಮಂಜಾದ ಹೂವಾಡಗಿತ್ತಿಗೆ ಕೊಟ್ಟು ಮಲ್ಲಿಗೆ ಕೊಂಡರೆ ಆಟ ಮುಗಿಯಿತು!

ಹೋಲಿಕೆ ಎಷ್ಟು ಚೆನ್ನಾಗಿದ್ದರೂ ಖೋಟಾ ಖೋಟಾವೇ ಎನ್ನುವುದಕ್ಕೆ ಬೆಳಗಾವಿ ಜಿಲ್ಲೆ ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ಛಾಪಾ ಕಾಗದ ಹಗರಣ ಸಾಕು. 2001ರಲ್ಲಿ ಆತನ ಬಂಧನವಾದ ಮೇಲೆ ಆ ಜಾಲ ಎಷ್ಟು ರಾಜ್ಯಗಳಿಗೆ ಹರಡಿತ್ತು ಎಂಬುದು ಬಯಲಾಯಿತು. ನೋಡಿದವರಿಗೆ ಅನುಮಾನ ಬಾರದಷ್ಟು ಚೆನ್ನಾದ ಅಚ್ಚು. ಇಲ್ಲದಿದ್ದದ್ದು ಒಂದೇ, ಅಚ್ಚು ಹಾಕುವ ಅಧಿಕಾರ.

'ಹುಸಿ' ಎಂಬುದು ಅಚ್ಚ ಕನ್ನಡ ಪದ. ಹಳಗನ್ನಡದ 'ಪುಸಿ', ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ, ಹುಸಿಯಾಯಿತು. ಹನ್ನೆರಡನೆಯ ಶತಮಾನದ ವಚನಕಾರರು ದೂರವಿಡಿ ಎಂದದ್ದು ಇದನ್ನೇ. ವಿಮಾನ ನಿಲ್ದಾಣಕ್ಕೆ ಬರುವ ಬಾಂಬ್ ಬೆದರಿಕೆಯ ಸುಳ್ಳು ಕರೆಯನ್ನು ಇವತ್ತಿನ ಪತ್ರಿಕೆಗಳು 'ಹುಸಿ ಕರೆ' ಎನ್ನುತ್ತವೆ. ಆದರೆ ಈ ಪದಕ್ಕೂ ಒಂದು ಮೃದುವಾದ ಮುಖವಿದೆ. ಮೊಮ್ಮಗಳ ತುಂಟಾಟಕ್ಕೆ ಅಜ್ಜ ತೋರಿಸುವುದು ಹುಸಿಕೋಪ. ಅದು ನಿಜವಲ್ಲ ಎಂದು ಅಜ್ಜನಿಗೂ ಗೊತ್ತು, ಮೊಮ್ಮಗಳಿಗೂ ಗೊತ್ತು. ಇಬ್ಬರಿಗೂ ಗೊತ್ತಿದ್ದಾಗ ಹುಸಿ ಆಟವಾಗುತ್ತದೆ, ಒಬ್ಬರಿಗೆ ಮಾತ್ರ ಗೊತ್ತಿದ್ದಾಗ ಮೋಸವಾಗುತ್ತದೆ.

ವೇಷವೂ ಹಾಗೆಯೇ. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟುವುದು ವಿದ್ಯೆ. ಸ್ತ್ರೀವೇಷ, ಬಣ್ಣದ ವೇಷ ಎಂದು ಕಲಾವಿದರನ್ನು ಗೌರವದಿಂದ ಗುರುತಿಸುತ್ತೇವೆ. ಅದೇ ರಸ್ತೆಯಲ್ಲಿ ಅಧಿಕಾರಿಯ ಸೋಗು ಹಾಕಿ ಹಣ ಕಿತ್ತರೆ ಅಪರಾಧ.

ಇನ್ನು ಕಲಬೆರಕೆ. 'ಬೆರಕೆ' ಎಂಬ ಪದದಲ್ಲಿ ಯಾವ ದೋಷವೂ ಇಲ್ಲ. ಬೆರಕೆ ಸೊಪ್ಪಿನ ಸಾರು, ಬಿಸಿ ಮುದ್ದೆ ಎಂದರೆ ಬಾಯಲ್ಲಿ ನೀರೂರುತ್ತದೆ. ಹಾಲಿಗೆ ನೀರು, ಮೆಣಸಿನಪುಡಿಗೆ ಇಟ್ಟಿಗೆಪುಡಿ ಸೇರಿಸಿ, ಸೇರಿಸಿದ್ದನ್ನು ಹೇಳದಿದ್ದಾಗ ಅದು ಕಲಬೆರಕೆ.

ಡಾಲ್ಡಾ ಡಬ್ಬಿಯ ಪಾಠ

ಈ ಐದು ಪ್ರಶ್ನೆಗಳೂ ಒಂದೇ ಡಬ್ಬಿಯೊಳಗೆ ಕೂತ ಒಂದು ಕತೆ ಇದೆ. ತಾಳೆಮರದ ಚಿತ್ರವಿದ್ದ ಡಾಲ್ಡಾ ಡಬ್ಬಿ ನಿಮ್ಮ ಅಜ್ಜಿಯ ಅಡುಗೆಮನೆಯಲ್ಲಿಯೂ ಇದ್ದಿರಬಹುದು, ಖಾಲಿಯಾದ ಮೇಲೆ ಅದರಲ್ಲಿ ತುಳಸಿ ಗಿಡವೂ ಬೆಳೆದಿರಬಹುದು! 1937ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಡಾಲ್ಡಾ, ಸಸ್ಯದ ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡಿದ ವನಸ್ಪತಿ. ತುಪ್ಪ ಕೊಳ್ಳಲಾಗದ ಮನೆಗಳಿಗೆ ಅದು ತುಪ್ಪದ ಬದಲಿಯಾಯಿತು.

ವನಸ್ಪತಿಯನ್ನು ವನಸ್ಪತಿ ಎಂದೇ ಮಾರಿದರೆ ಯಾರ ತಕರಾರೂ ಇಲ್ಲ. ಆದರೆ ಅದನ್ನು ತುಪ್ಪಕ್ಕೆ ಬೆರೆಸಿ ತುಪ್ಪದ ಬೆಲೆಗೆ ಮಾರುವವರು ಹುಟ್ಟಿಕೊಂಡರು. ಆಗ ಸರ್ಕಾರ ಮಾಡಿದ ಉಪಾಯ ಬಹಳ ಜಾಣತನದ್ದು. ಪ್ರತಿ ವನಸ್ಪತಿಯಲ್ಲೂ ಕನಿಷ್ಠ 5% ಎಳ್ಳೆಣ್ಣೆ ಇರಲೇಬೇಕು ಎಂದು ನಿಯಮ ಮಾಡಿತು. ಏಕೆಂದರೆ ಬೋದ್ವಾಂ ಪರೀಕ್ಷೆ ಎಂಬ ಸುಲಭದ ಪ್ರಯೋಗದಲ್ಲಿ ಎಳ್ಳೆಣ್ಣೆ ಇದ್ದರೆ ಕೆಂಬಣ್ಣ ಬರುತ್ತದೆ. ತುಪ್ಪಕ್ಕೆ ಡಾಲ್ಡಾ ಬೆರೆಸಿದರೆ ಜೊತೆಗೆ ಎಳ್ಳೆಣ್ಣೆಯೂ ಹೋಗಿ ಗುಟ್ಟು ರಟ್ಟು ಮಾಡುತ್ತದೆ. ಬದಲಿ ವಸ್ತುವನ್ನು ನಿಷೇಧಿಸಲಿಲ್ಲ, ಅದರ ಹೊಟ್ಟೆಯೊಳಗೇ ಒಬ್ಬ ಸಾಕ್ಷಿಯನ್ನು ಕೂರಿಸಿದರು.

ಒಡವೆ, ಸೀರೆಗಳಲ್ಲಿಯೂ ಇದೇ ದಾರಿ. ಹಿಂದೆ ಅಕ್ಕಸಾಲಿಗರು ಒರೆಗಲ್ಲಿಗೆ ಉಜ್ಜಿ ಚಿನ್ನ ನೋಡುತ್ತಿದ್ದರು, ಆ 'ಒರೆಗೆ ಹಚ್ಚು' ಎಂಬ ಮಾತು ಇಂದಿಗೂ ಉಳಿದಿದೆ. 2021ರ ಜೂನ್‌ನಿಂದ ಭಾರತದಲ್ಲಿ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗುತ್ತಾ ಬಂದಿದೆ. ಚಿನ್ನದ ಒಡವೆಯ ಮೇಲೆ ಆರು ಅಕ್ಷರ ಅಂಕಿಗಳ ಗುರುತು ಕೆತ್ತಿರುತ್ತಾರೆ, ಊರಿಗೆ ಹೋದಾಗ ಕೊಳ್ಳುವ ಮುಂಚೆ ಅದನ್ನು ನೋಡಿ. 'ಒನ್ ಗ್ರಾಂ ಗೋಲ್ಡ್' ಎಂದೇ ಹೇಳಿ ಕೊಟ್ಟ ಗಿಲೀಟು ಸರ ಮೋಸವಲ್ಲ, ಅಪರಂಜಿ ಎಂದು ಹೇಳಿ ಕೊಟ್ಟರೆ ಮೋಸ. ರೇಷ್ಮೆಯ ವಿಚಾರದಲ್ಲಿ ಅಂಚಿನ ಒಂದೆರಡು ಎಳೆ ತೆಗೆದು ಸುಟ್ಟು ನೋಡುವ ಹಳೆಯ ಪರೀಕ್ಷೆ ಇದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಿಗೆ ಪುಡಿಯಾಗುವ ಬೂದಿ ಉಳಿಯುತ್ತದೆ. ಕೃತಕ ರೇಷ್ಮೆ ಎನ್ನುವ ರೇಯಾನ್ ಕಾಗದ ಸುಟ್ಟ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಫೋನಿನಲ್ಲಿ ಮೊಮ್ಮಗನ ದನಿ

ಈಗ ಶುರುವಿನಲ್ಲಿ ಹೇಳಿದ ಉಳಿತಾಯದ ಹಣದ ಮಾತಿಗೆ ಬರುತ್ತೇನೆ. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಬರೀ ಮೂರು ಸೆಕೆಂಡಿನ ಧ್ವನಿ ಕೇಳಿ ಅದೇ ದನಿಯಲ್ಲಿ ಮಾತಾಡುವ ವ್ಯವಸ್ಥೆಯೊಂದನ್ನು ಪ್ರಕಟಿಸಿದರು. ಮೂರು ಸೆಕೆಂಡು ಎಂದರೆ ನಮ್ಮ ಮಕ್ಕಳ ಹುಟ್ಟುಹಬ್ಬದ ವಿಡಿಯೋದಲ್ಲಿ 'ಥ್ಯಾಂಕ್ಯೂ ಅಜ್ಜಿ' ಎನ್ನುವಷ್ಟು ಹೊತ್ತು! ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಂದು ಎಚ್ಚರಿಕೆ ಕೊಟ್ಟಿತು. ಮನೆಯವರದೇ ದನಿ ತಯಾರಿಸಿ, 'ಅಪಘಾತವಾಗಿದೆ, ಪೊಲೀಸರು ಹಿಡಿದಿದ್ದಾರೆ, ತಕ್ಷಣ ಹಣ ಕಳಿಸಿ' ಎಂದು ಫೋನ್ ಮಾಡುವ ವಂಚಕರ ಬಗ್ಗೆ.

2024ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮತದಾರರಿಗೆ ಆಗಿನ ಅಧ್ಯಕ್ಷ ಬೈಡನ್ ಅವರ ದನಿಯನ್ನು ಅಣಕಿಸಿದ ಕರೆಗಳು ಹೋದವು. ಮುಂದಿನ ತಿಂಗಳು, ಫೆಬ್ರವರಿ 8ರಂದು, ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಒಂದು ತೀರ್ಮಾನ ಪ್ರಕಟಿಸಿತು. ಅದು ಪೂರ್ತಿಯಾಗಿ ಒಂದು ಪದದ ಮೇಲೆ ನಿಂತಿದೆ. ಫೋನ್ ಕರೆಗಳ 1991ರ ಕಾಯಿದೆಯಲ್ಲಿ 'ಆರ್ಟಿಫಿಶಿಯಲ್' ದನಿ, ಅಂದರೆ ಕೃತಕ ದನಿ, ಎಂಬ ಮಾತಿತ್ತು. ಎಐ ತಯಾರಿಸಿದ ದನಿಯೂ ಆ ಪದದೊಳಗೇ ಬರುತ್ತದೆ, ಆದ್ದರಿಂದ ಕೇಳುವವರ ಒಪ್ಪಿಗೆ ಪಡೆಯದೆ ಅಂಥ ದನಿಯಲ್ಲಿ ಯಂತ್ರದಿಂದ ಕರೆ ಮಾಡುವಂತಿಲ್ಲ ಎಂದು ಆಯೋಗ ಹೇಳಿತು. ಮೂವತ್ತಮೂರು ವರ್ಷ ಹಳೆಯ ಒಂದು ಪದ ಹೊಸ ಯಂತ್ರವನ್ನು ಹಿಡಿದು ನಿಲ್ಲಿಸಿತು ನೋಡಿ!

ಇಲ್ಲಿ ನಮ್ಮ ಐದು ಪ್ರಶ್ನೆಗಳು ಕೆಲಸಕ್ಕೆ ಬರುತ್ತವೆ. ಗಂಟಲಿನ ಕಾಯಿಲೆಯಿಂದ ಮಾತು ಕಳೆದುಕೊಂಡವರಿಗೆ ಯಂತ್ರ ಅವರದೇ ದನಿಯನ್ನು ವಾಪಸು ಕೊಟ್ಟರೆ ಅದು ಕೃತಕ ದನಿ, ಜೈಪುರ ಕಾಲಿನ ಸಾಲಿಗೆ ಸೇರಿದ್ದು. ಅದೇ ತಂತ್ರದಿಂದ ಮೊಮ್ಮಗನ ದನಿ ಮಾಡಿ ಮಂಡ್ಯದಲ್ಲೋ ಧಾರವಾಡದಲ್ಲೋ ಇರುವ ಅಜ್ಜನಿಂದ ಹಣ ಕೀಳುವುದು ಖೋಟಾ ದನಿ. ಎಲ್ಲವನ್ನೂ 'ಫೇಕ್' ಎಂದು ಕಲಿತವರು ಒಂದೋ ಎಲ್ಲಕ್ಕೂ ಹೆದರುತ್ತಾರೆ, ಇಲ್ಲವೇ ಯಾವುದಕ್ಕೂ ಹೆದರುವುದಿಲ್ಲ. ಎರಡೂ ಅಪಾಯವೇ.

ಊರಿನಲ್ಲಿರುವ ಹಿರಿಯರಿಗೆ 'ಡೀಪ್‌ಫೇಕ್' ಎಂದು ವಿವರಿಸಲು ಹೋದರೆ ಅರ್ಧಕ್ಕೇ ಫೋನ್ ಮೊಮ್ಮಕ್ಕಳ ಕೈಗೆ ಹೋಗಿಬಿಡುತ್ತದೆ. 'ಅಮ್ಮಾ, ಈಗ ಖೋಟಾ ನೋಟಿನ ಹಾಗೆ ಖೋಟಾ ದನಿಯೂ ಬಂದಿದೆ' ಎನ್ನಿ, ಒಂದೇ ಮಾತಿಗೆ ಅರ್ಥವಾಗುತ್ತದೆ. ಖೋಟಾ ನೋಟು ಅಂದ ಕೂಡಲೇ ಬೆಳಕಿಗೆ ಹಿಡಿದು ನೋಡಬೇಕು ಎಂದು ಅವರಿಗೆ ಗೊತ್ತು. ದನಿಯನ್ನು ಬೆಳಕಿಗೆ ಹಿಡಿಯುವ ಬಗೆ ಎರಡು. ಗಾಬರಿಯ ಕರೆ ಬಂದರೆ ಅದನ್ನು ಕಡಿದು, ತಮ್ಮ ಹತ್ತಿರ ಮೊದಲಿಂದ ಇರುವ ನಂಬರಿಗೆ ತಾವೇ ತಿರುಗಿ ಮಾಡುವುದು. ಮನೆಮಂದಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತನ್ನು ಮೊದಲೇ ಗೊತ್ತು ಮಾಡಿಕೊಂಡಿರುವುದು. ಡಾಲ್ಡಾದೊಳಗಿನ ಎಳ್ಳೆಣ್ಣೆಯಂತೆ ಆ ಮಾತೂ ಒಂದು ಸಾಕ್ಷಿ. ಅಜ್ಜಿ ಸಾಕಿದ್ದ ಹಸುವಿನ ಹೆಸರೋ, ಹಿತ್ತಲ ಬಾವಿಯ ಕತೆಯೋ ಆಗಬಹುದು, ಫೇಸ್‌ಬುಕ್ಕಿನಲ್ಲಿ ಹಾಕಿರದಿದ್ದರೆ ಸಾಕು.

ನಮ್ಮ ಮಕ್ಕಳ ಕನ್ನಡ

ಕೊನೆಗೆ ನಮ್ಮೆಲ್ಲರ ಮನೆಯ ಒಂದು ಮಾತು. ರಜೆಗೆ ಊರಿಗೆ ಹೋದಾಗ ನಮ್ಮ ಮಕ್ಕಳ ಉಚ್ಚಾರಣೆ ಕೇಳಿ ಯಾರಾದರೂ 'ಇದೇನು ಡೂಪ್ಲಿಕೇಟ್ ಕನ್ನಡ' ಎಂದು ನಗುವುದುಂಟು. ಅವರು ಹೇಳುವುದು ತಮಾಷೆಗೇ ಇರಬಹುದು, ಆದರೆ ಮಗು ಆ ದಿನದಿಂದ ಬಾಯಿ ಮುಚ್ಚಿಕೊಳ್ಳುತ್ತದೆ.

ಐದು ಪ್ರಶ್ನೆಗಳನ್ನು ಇಲ್ಲಿಯೂ ಕೇಳೋಣ. 'ಳ'ಕಾರ ಸರಿಯಾಗಿ ಹೊರಳದ, ನಡುನಡುವೆ ಇಂಗ್ಲಿಷ್ ನುಸುಳುವ ಆ ಕನ್ನಡದಲ್ಲಿ ಯಾರನ್ನಾದರೂ ವಂಚಿಸುವ ಉದ್ದೇಶವಿದೆಯೇ? ಇಲ್ಲ. ಹಾಗಾದರೆ ಅದು ನಕಲಿಯೂ ಅಲ್ಲ, ಖೋಟಾವೂ ಅಲ್ಲ. ಬೆರಕೆ ಇದೆ, ಒಪ್ಪೋಣ, ಬೆರಕೆ ಸೊಪ್ಪಿನ ಹಾಗೆ. ಹೆಚ್ಚೆಂದರೆ ಅದಕ್ಕೆ 'ಸೀಮೆ ಕನ್ನಡ' ಎನ್ನಬಹುದು. ಸೀಮೆಬದನೆ ಮೆಕ್ಸಿಕೋದಿಂದ ಬಂದು ನಮ್ಮ ಸಾಂಬಾರಿಗೆ ಹೊಂದಿಕೊಂಡಿತು, ಇನ್ನೊಬ್ಬರ ಬಾಯಲ್ಲಿ ಬೆಂಗಳೂರಿನ ಹೆಸರನ್ನೂ ಪಡೆಯಿತು. ನಮ್ಮ ಮಕ್ಕಳ ಮಾತಿಗೂ ಅಷ್ಟು ಕಾಲ, ಅಷ್ಟು ಸಲಿಗೆ ಕೊಡೋಣ.

ಈ ವಾರ ಊರಿಗೆ ಫೋನ್ ಮಾಡಿದಾಗ ಎರಡು ಕೆಲಸ ಮಾಡಿ. ಖೋಟಾ ದನಿಯ ವಿಷಯ ತಿಳಿಸಿ ಮನೆಯ ಗುಟ್ಟಿನ ಮಾತೊಂದನ್ನು ಆರಿಸಿಕೊಳ್ಳಿ. ಆಮೇಲೆ ಫೋನನ್ನು ಮಕ್ಕಳ ಕೈಗೆ ಕೊಟ್ಟು, ನಿಮ್ಮ ಕಡೆ ನಕಲಿಗೆ ಇನ್ನೇನೇನು ಪದಗಳಿವೆ ಎಂದು ಅಜ್ಜ ಅಜ್ಜಿಯನ್ನು ಕೇಳಲು ಹೇಳಿ. ಮಲೆನಾಡು, ಕರಾವಳಿ, ಕಲ್ಯಾಣ ಕರ್ನಾಟಕ, ಹಳೆ ಮೈಸೂರು, ಒಂದೊಂದು ಕಡೆಯವರ ಬಾಯಲ್ಲೂ ಒಂದೊಂದು ಪದ ಇದ್ದೇ ಇರುತ್ತದೆ. ಪಟ್ಟಿ ಮಾಡಿಕೊಂಡು ಮುಂದಿನ ಹಬ್ಬದ ಊಟಕ್ಕೆ ತನ್ನಿ, ಊಟದ ಸಾಲಿನಲ್ಲಿ ನಿಂತಾಗ ಮಾತಿಗೊಂದು ವಿಷಯವಾಯಿತು!

ಸಿರಿಗನ್ನಡಂ ಗೆಲ್ಗೆ.